ಆರು ತಿಂಗಳು ಟ್ಯಾಬ್ಲೆಟ್‌ನಲ್ಲೇ ಕರಡು ತಿದ್ದಿದ ಅನುಭವ

ಧಾರವಾಡದಲ್ಲಿ ಏಪ್ರಿಲ್ ಕೊನೆಯ ಅಡ್ಡಮಳೆಯೆಂದರೆ ಮಳೆಗಿಂತ ಗುಡುಗು ಸಿಡಿಲಿನದೇ ಅಬ್ಬರ. ಎರಡು ವರ್ಷಗಳ ಹಿಂದೆ ಅಂಥದೊಂದು ಸಂಜೆ ಪ್ಲಗ್ ಕಿತ್ತಿಡಲು ಮರೆತದ್ದರಿಂದ ನನ್ನ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಸುಟ್ಟುಹೋಯಿತು, ಅದರೊಂದಿಗೆ ಮದರ್‌ಬೋರ್ಡ್ ಕೂಡ ಕೆಟ್ಟಿತು. ಪುಣ್ಯಕ್ಕೆ ಹಾರ್ಡ್ ಡಿಸ್ಕ್ ಉಳಿಯಿತು. ಕನ್ನಡ ಪುಸ್ತಕಗಳ ಕರಡು ತಿದ್ದುವುದು ಮತ್ತು ಇಂಗ್ಲಿಷಿನಿಂದ ಅನುವಾದ ಮಾಡುವುದು ನನ್ನ ವೃತ್ತಿ. ಮೂರು ವಾರದೊಳಗೆ ಒಪ್ಪಿಸಬೇಕಾಗಿದ್ದ, ಮುನ್ನೂರು ಪುಟ ದಾಟಿದ ಒಂದು ಆತ್ಮಕಥನದ ಕರಡು ಆಗ ನನ್ನ ಕೈಯಲ್ಲಿತ್ತು. ಹೊಸ ಕಂಪ್ಯೂಟರಿಗೆ ಹಣ ಹಾಕುವುದೋ, ಹಳೆಯದನ್ನೇ ರಿಪೇರಿ ಮಾಡಿಸುವುದೋ ಎಂದು ಯೋಚಿಸುತ್ತಿದ್ದಾಗ, ಇಷ್ಟು ಜನ ಎಲ್ಲ ಕೆಲಸವನ್ನೂ ಟ್ಯಾಬ್ಲೆಟ್‌ನಲ್ಲಿ ಮಾಡುತ್ತಿರುವಾಗ ನಾನೂ ಏಕೆ ಪ್ರಯತ್ನಿಸಬಾರದು ಎನಿಸಿತು. ಆರು ತಿಂಗಳು ಕಂಪ್ಯೂಟರ್ ಮುಟ್ಟದೆ ಇರುವುದೆಂದು ನಿರ್ಧರಿಸಿ, ಕೆಟ್ಟ ಯಂತ್ರವನ್ನು ಬಟ್ಟೆ ಹೊದಿಸಿ ಮೂಲೆಯಲ್ಲಿಟ್ಟೆ.

ಕೊಂಡದ್ದು ಹನ್ನೊಂದು ಇಂಚು ಪರದೆಯ, 8 ಜಿಬಿ ರ‍್ಯಾಮ್ ಇರುವ ಒಂದು ಆಂಡ್ರಾಯ್ಡ್ ಟ್ಯಾಬ್ಲೆಟ್. ಅದರ ಜೊತೆಗೆ ಪರದೆಯ ಮೇಲೆ ಬರೆಯುವ ಪೆನ್ನು, ಒಂದು ಬ್ಲೂಟೂತ್ ಕೀಲಿಮಣೆ, ನಿಲ್ಲಿಸಲು ಒಂದು ಸ್ಟ್ಯಾಂಡ್. ಪರದೆಯ ಅಳತೆಯ ವಿಚಾರದಲ್ಲಿ ಕೊಳ್ಳುವವರು ಗಮನಿಸಬೇಕಾದ ಒಂದು ಸಂಗತಿಯಿದೆ. ಮೈಕ್ರೋಸಾಫ್ಟ್ ವರ್ಡ್‌ನ ಮೊಬೈಲ್ ಆವೃತ್ತಿಯಲ್ಲಿ 10.1 ಇಂಚಿನವರೆಗಿನ ಪರದೆಗಳಲ್ಲಿ ಮಾತ್ರ ಉಚಿತವಾಗಿ ತಿದ್ದಬಹುದು. ಅದಕ್ಕಿಂತ ದೊಡ್ಡ ಪರದೆಯಾದರೆ ಚಂದಾ ಕಟ್ಟಬೇಕಾಗುತ್ತದೆ. ಇದು ಗೊತ್ತಿದ್ದೂ ನಾನು ದೊಡ್ಡ ಪರದೆಯನ್ನೇ ಆರಿಸಿದೆ, ಏಕೆಂದರೆ ಅಂಗಡಿಗೆ ಅಳತೆಪಟ್ಟಿಯನ್ನೂ ಒಂದು ಪುಸ್ತಕವನ್ನೂ ಒಯ್ದಿದ್ದೆ. ನಮ್ಮಲ್ಲಿ ಹೆಚ್ಚಿನ ಪುಸ್ತಕಗಳು ಅಚ್ಚಾಗುವುದು ಡೆಮಿ 1/8 ಆಕಾರದಲ್ಲಿ. ಅಂದರೆ ಪುಟದ ಅಗಲ ಸುಮಾರು ಐದೂವರೆ ಇಂಚು, ಎತ್ತರ ಎಂಟೂವರೆ ಇಂಚು. ಹನ್ನೊಂದು ಇಂಚಿನ ಟ್ಯಾಬ್ಲೆಟ್ಟನ್ನು ಉದ್ದಕ್ಕೆ ಹಿಡಿದರೆ ಡೆಮಿ ಪುಟವೊಂದು ಕುಗ್ಗದೆ, ಹಿಗ್ಗದೆ, ಹೆಚ್ಚುಕಡಿಮೆ ತನ್ನ ನಿಜವಾದ ಅಳತೆಯಲ್ಲೇ ಪೂರ್ತಿಯಾಗಿ ಕೂರುತ್ತದೆ. ಇದರಿಂದಾಗುವ ಅನುಕೂಲ ಎಷ್ಟು ದೊಡ್ಡದೆಂದು ಮೊದಲ ವಾರದಲ್ಲೇ ತಿಳಿಯಿತು.

ಕರಡು ತಿದ್ದುವವರ ಕಣ್ಣು ಅಕ್ಷರಗಳ ತೀರ ಸಣ್ಣ ವಿವರಗಳ ಮೇಲೆ ನಿಂತಿರುತ್ತದೆ. 'ಅರ್ಥ' ಮತ್ತು 'ಅರ್ಧ' ಎಂಬ ಎರಡು ಪದಗಳನ್ನೇ ನೋಡಿ. ಇವೆರಡರ ನಡುವೆ ಇರುವುದು ಅಕ್ಷರದ ಒಳಗಿನ ಒಂದೇ ಒಂದು ಚುಕ್ಕೆ. ಎರಡೂ ಸರಿಯಾದ ಪದಗಳೇ ಆದ್ದರಿಂದ ಯಾವ ಕಾಗುಣಿತ ಪರೀಕ್ಷಕವೂ ಇದನ್ನು ಹಿಡಿಯಲಾರದು, ಕಣ್ಣೇ ಹಿಡಿಯಬೇಕು. 'ಡ'ಕಾರಕ್ಕೂ 'ಢ'ಕಾರಕ್ಕೂ, 'ಪ'ಕಾರಕ್ಕೂ 'ಫ'ಕಾರಕ್ಕೂ ಇರುವ ಭೇದ ಕೆಳಗಿನ ಒಂದು ಸೀಳು ಮಾತ್ರ. ನನ್ನ ಹಳೆಯ ಹದಿನೆಂಟೂವರೆ ಇಂಚಿನ ಮಾನಿಟರಿನಲ್ಲಿ ಇಂಚಿಗೆ ಎಂಬತ್ತೈದರಷ್ಟು ಪಿಕ್ಸೆಲ್‌ಗಳಿದ್ದವು. ಈ ಟ್ಯಾಬ್ಲೆಟ್‌ನಲ್ಲಿ ಇನ್ನೂರಕ್ಕೂ ಹೆಚ್ಚು. ಮಾನಿಟರಿನಲ್ಲಿ ಒತ್ತಕ್ಷರಗಳು ಮುದ್ದೆಯಾಗಿ ಕಾಣುತ್ತಿದ್ದುದರಿಂದ ಪುಟವನ್ನು ಹಿಗ್ಗಿಸಿ, ಅರ್ಧರ್ಧ ಪುಟವಾಗಿ ಓದುವುದು ಅನಿವಾರ್ಯವಾಗಿತ್ತು. ಹಾಗಾಗಿ ಮುಖ್ಯವಾದ ಕರಡುಗಳನ್ನು ಕಾಗದಕ್ಕೆ ಮುದ್ರಿಸಿಕೊಂಡೇ ತಿದ್ದುತ್ತಿದ್ದೆ. ಟ್ಯಾಬ್ಲೆಟ್ ಬಂದ ಮೇಲೆ ಪಿಡಿಎಫ್ ಪುಟವನ್ನು ಕಾಗದದಂತೆ ತೊಡೆಯ ಮೇಲಿಟ್ಟುಕೊಂಡು, ಕೆಂಪು ಶಾಯಿಯ ಪೆನ್ನಿನಲ್ಲಿ ಹೇಗೋ ಹಾಗೆಯೇ ಅಂಚಿನಲ್ಲಿ ಗುರುತು ಹಾಕತೊಡಗಿದೆ. ಅಳಿಸುವ ಗುರುತು, ಸೇರಿಸುವ ಗುರುತು, ಪದ ಕೂಡಿಸುವ ಕಂಸ, ಪ್ಯಾರಾ ಮುರಿಯುವ ಗೆರೆ ಎಲ್ಲವೂ ಕೈಗೆ ಅಭ್ಯಾಸವಾದಂತೆಯೇ ಬಂದವು. ಒಂದು ಸಲ ಹಾಕಿದ ಗುರುತು ಬೇಡವೆನಿಸಿದರೆ ಕುರುಹಿಲ್ಲದಂತೆ ಅಳಿಸಬಹುದಾದ್ದರಿಂದ, ಕಾಗದಕ್ಕಿಂತಲೂ ಸ್ವಚ್ಛವಾದ ಕರಡು, ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಡಿಟಿಪಿಯವರ ಕೈಸೇರುತ್ತಿತ್ತು.

ಆ ಆತ್ಮಕಥನವನ್ನು ನಾನು ಎರಡು ಸುತ್ತು ಓದಿದೆ. ಎರಡನೆಯ ಸುತ್ತಿನಲ್ಲಿ ಅರ್ಧದಷ್ಟನ್ನು ಬೆಂಗಳೂರಿಗೆ ಹೋಗಿಬರುವ ರೈಲಿನಲ್ಲೇ ಮುಗಿಸಿದೆ. ವಿದ್ಯುತ್ ಹೋದರೂ ಕೆಲಸ ನಿಲ್ಲುತ್ತಿರಲಿಲ್ಲ. ಯುಪಿಎಸ್ ಕೂಗುತ್ತಿರುವಾಗ ಅವಸರದಲ್ಲಿ ಕಡತ ಉಳಿಸುವ ಕಷ್ಟ ತಪ್ಪಿತು. ಮುನ್ನೂರು ಹಾಳೆಗಳನ್ನು ಮುದ್ರಿಸುವ ಖರ್ಚು, ಅವನ್ನು ಕೊರಿಯರ್ ಮಾಡುವ ಖರ್ಚು, ಕಟ್ಟು ತಲಪಿತೋ ಇಲ್ಲವೋ ಎಂಬ ಆತಂಕ ಮೂರೂ ಇಲ್ಲವಾದವು. ನಾನು ಕೊಂಡ ವಸ್ತು ನನ್ನ ಮನೆಯಲ್ಲಿ ನಿಜವಾಗಿ ಯಾವುದರ ಜಾಗವನ್ನು ಹಿಡಿಯಿತು ಎಂದು ಕೇಳಿದರೆ, ಕಾಗದದ ಕಟ್ಟಿನ ಜಾಗವನ್ನು ಎಂದೇ ಹೇಳಬೇಕು. ಕಂಪ್ಯೂಟರಿನ ಜಾಗವನ್ನು ಅದು ಹಿಡಿಯಲಾರದೇ ಹೋದದ್ದು ಬರೆಯುವ ಕೆಲಸ ಶುರುವಾದಾಗ ಗೊತ್ತಾಯಿತು.

ಹದಿನೈದು ವರ್ಷಗಳಿಂದ ನನ್ನ ಬೆರಳುಗಳಿಗೆ ಗೊತ್ತಿರುವುದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಒಂದೇ. 'ಕೆ' ಒತ್ತಿದರೆ 'ಕ', ಶಿಫ್ಟ್ ಸೇರಿಸಿದರೆ 'ಖ', ನಡುವೆ 'ಎಫ್' ಒತ್ತಿದರೆ ಒತ್ತಕ್ಷರ. ಈ ಕ್ರಮದಲ್ಲಿ ಬೆರಳು ಓಡುವಾಗ ನಾನು ಕೀಲಿಗಳ ಬಗ್ಗೆ ಯೋಚಿಸುವುದೇ ಇಲ್ಲ. ಟ್ಯಾಬ್ಲೆಟ್‌ನ ಪರದೆಯ ಮೇಲೆ ಮೂಡುವ ಕೀಲಿಮಣೆಯಲ್ಲಿ ಕನ್ನಡಕ್ಕೆ ಕೊರತೆಯಿಲ್ಲ. ಹತ್ತು ಸಾಲಿನ ಇಮೇಲ್‌ಗೆ ಅದು ಸಾಕು. ಆದರೆ ಗಾಜಿನ ಮೇಲೆ ಬೆರಳಿಟ್ಟು ದಿನಕ್ಕೆ ಎರಡು ಸಾವಿರ ಪದ ಅನುವಾದಿಸಲು ಆಗುವುದಿಲ್ಲ. ಬ್ಲೂಟೂತ್ ಕೀಲಿಮಣೆಯನ್ನು ಜೋಡಿಸಿದರೆ, ನಾನು ಬಳಸುತ್ತಿದ್ದ ಆ್ಯಪ್‌ನ ಕನ್ನಡ ಅಲ್ಲಿಗೆ ನಿಂತು ಬರೀ ಇಂಗ್ಲಿಷ್ ಮೂಡುತ್ತಿತ್ತು. ಹೊರಗಿನ ಕೀಲಿಮಣೆಗೂ ರಾವ್ ಅವರ ವಿನ್ಯಾಸವನ್ನು ಒದಗಿಸುವ ಇನ್ನೊಂದು ಆ್ಯಪ್ ಹುಡುಕಿ ಹೊಂದಿಸಿಕೊಳ್ಳುವಷ್ಟರಲ್ಲಿ ಒಂದು ವಾರ ಕಳೆಯಿತು. ಐಪ್ಯಾಡ್ ಬಳಸುವವರಿಗೂ ಕನ್ನಡ ಬೇಗ ಸಿಕ್ಕಿದ್ದಲ್ಲ. ಐಪ್ಯಾಡ್ ಮಾರುಕಟ್ಟೆಗೆ ಬಂದದ್ದು 2010ರಲ್ಲಿ. ಅದರೊಳಗೇ ಕನ್ನಡ ಕೀಲಿಮಣೆ ಸೇರಿದ್ದು 2017ರಲ್ಲಿ, ಐಓಎಸ್ 11ರೊಂದಿಗೆ.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಬೇಕು. 'ರ‍್ಯಾಂಕ್' ಎಂದು ಬರೆಯಬೇಕಾದರೆ, ಪ್ರತಿ ಲಿಪಿಯ ಅಕ್ಷರಗಳಿಗೂ ಪ್ರತ್ಯೇಕ ಸ್ಥಾನ ಕೊಡುವ ಸಾರ್ವತ್ರಿಕ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ 'ರ'ಕಾರದ ನಂತರ ಕಣ್ಣಿಗೆ ಕಾಣದ ಒಂದು ಬೆಸುಗೆಯ ಸಂಕೇತವನ್ನು ಹಾಕಬೇಕು. ಇಲ್ಲವಾದರೆ ಅದು ಅರ್ಕಾವತ್ತಾಗಿ 'ರ್ಯಾಂಕ್' ಎಂದು ಮೂಡುತ್ತದೆ. ಹಾಗೆಯೇ 'ರಾಜ್‌ಕುಮಾರ್' ಎಂಬಲ್ಲಿ ಕಾಣದ ಒಂದು ಬಿಡಿಕೆಯ ಸಂಕೇತ ಬೇಕು. ಅದಿಲ್ಲದಿದ್ದರೆ 'ಜ'ಕಾರಕ್ಕೆ 'ಕ' ಒತ್ತಾಗಿ ಅಂಟಿಕೊಂಡು ಹೆಸರೇ ಕೆಡುತ್ತದೆ. ಕಂಪ್ಯೂಟರಿನಲ್ಲಿ ಇವು ಬೆರಳ ತುದಿಯಲ್ಲೇ ಇದ್ದವು. ಟ್ಯಾಬ್ಲೆಟ್‌ನಲ್ಲಿ ಅವಕ್ಕೆ ಕೀಲಿ ಸಿಗದೆ, ಎರಡೂ ಸಂಕೇತಗಳನ್ನು ಕ್ಲಿಪ್‌ಬೋರ್ಡ್‌ನಲ್ಲಿ ಪಿನ್ ಮಾಡಿಟ್ಟುಕೊಂಡು ಬೇಕಾದಾಗ ಅಂಟಿಸುತ್ತಿದ್ದೆ. ಧ್ವನಿಯಿಂದ ಬರೆಸುವ ಸೌಲಭ್ಯವನ್ನೂ ಬಳಸಿ ನೋಡಿದೆ. ಗೂಗಲ್ ಅದನ್ನು ಕನ್ನಡಕ್ಕೆ 2017ರಲ್ಲೇ ತಂದಿದೆ. ಮೊದಲ ಕರಡಿಗೆ ಅದು ಒಳ್ಳೆಯ ನೆರವು, ಅದರಲ್ಲೂ ಭುಜ ನೋಯುತ್ತಿರುವ ದಿನಗಳಲ್ಲಿ. ಆದರೆ ವಿರಾಮಚಿಹ್ನೆಗಳನ್ನು ನಾನೇ ಹಾಕಬೇಕಾಗಿತ್ತು, ಮತ್ತು ಅಲ್ಪಪ್ರಾಣ ಮಹಾಪ್ರಾಣಗಳನ್ನು ಪ್ರತಿ ಸಾಲಿನಲ್ಲೂ ಪರೀಕ್ಷಿಸಬೇಕಾಗಿತ್ತು.

ಇವೆಲ್ಲ ಅಭ್ಯಾಸದಿಂದ ದಾಟಬಹುದಾದ ತೊಡಕುಗಳು. ದಾಟಲಾಗದ ತೊಡಕು ಎದುರಾದದ್ದು ಎರಡನೆಯ ತಿಂಗಳಲ್ಲಿ. ಒಬ್ಬ ಪ್ರಕಾಶಕರು ವರ್ಡ್ ಕಡತವೊಂದನ್ನು ಕಳಿಸಿ, ಮುದ್ರಣಕ್ಕೆ ಹೋಗುವ ಮೊದಲು ಭಾಷೆಯನ್ನು ತಿದ್ದಿಕೊಡಿ ಎಂದರು. ತೆರೆದು ನೋಡಿದರೆ ಕನ್ನಡದ ಒಂದು ಅಕ್ಷರವೂ ಇಲ್ಲ. ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ. ಕನ್ನಡ ಬೆರಳಚ್ಚಿನ ತಂತ್ರಾಂಶವಾದ 'ನುಡಿ'ಯ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಆ ಫಾಂಟ್ ಇಲ್ಲದೆ ತೆರೆದವರಿಗೆಲ್ಲ ಇದು ಪರಿಚಿತ ದೃಶ್ಯ. 'ಕನ್ನಡ' ಎಂಬ ಪದದ ನಟ್ಟನಡುವೆಯೇ ಪೌಂಡ್ ಚಿಹ್ನೆ ಕೂತಿರುತ್ತದೆ, ಏಕೆಂದರೆ ಆ ಫಾಂಟಿನಲ್ಲಿ 'ನ'ಕಾರವನ್ನು ಇರಿಸಿರುವುದು ಆ ಚಿಹ್ನೆಯ ಮನೆಯಲ್ಲಿ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರಲ್ಲೇ ಸ್ವಂತ ಮನೆ ಸಿಕ್ಕಿತಾದರೂ, ನಮ್ಮ ಮುದ್ರಣಲೋಕ ಬೆಳೆದದ್ದು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಇಂಥ ಫಾಂಟುಗಳ ಮೇಲೆ. ಪುಟವಿನ್ಯಾಸಕ್ಕೆ ಬಳಕೆಯಲ್ಲಿದ್ದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ; ಅದಕ್ಕೆ ಯೂನಿಕೋಡ್ ತಿಳಿಯದು. ಆದರೂ ಅನೇಕ ಡಿಟಿಪಿ ಕೇಂದ್ರಗಳಲ್ಲಿ ಪುಟಗಳು ಇಂದಿಗೂ ಅದರಲ್ಲೇ ಕಟ್ಟಲ್ಪಡುತ್ತಿವೆ. ಅವರನ್ನು ನಾನು ದೂರುವುದಿಲ್ಲ. ಇಪ್ಪತ್ತು ವರ್ಷಗಳ ಪುಸ್ತಕಗಳ ಕಡತಗಳು ಅದೇ ರೂಪದಲ್ಲಿರುವಾಗ, ಮರುಮುದ್ರಣಗಳಿಂದಲೇ ನಡೆಯುವ ಸಣ್ಣ ಕೇಂದ್ರವೊಂದು ಎಲ್ಲವನ್ನೂ ಒಮ್ಮೆಲೇ ಬದಲಿಸಲಾರದು.

ಪಿಡಿಎಫ್‌ನಲ್ಲಿ ಈ ತೊಂದರೆ ಕಾಣುವುದಿಲ್ಲ, ಏಕೆಂದರೆ ಫಾಂಟ್ ಕಡತದೊಳಗೇ ಅಡಕವಾಗಿರುತ್ತದೆ. ಮೊದಲ ತಿಂಗಳು ನನಗೆ ಎಲ್ಲವೂ ಸುಗಮವೆನಿಸಿದ್ದಕ್ಕೆ ಅದೇ ಕಾರಣ. ತಿದ್ದಬಹುದಾದ ಕಡತ ಬಂದಾಗ ಮಾತ್ರ ದಾರಿ ಮುಚ್ಚಿತು. ನನ್ನ ಟ್ಯಾಬ್ಲೆಟ್‌ಗೆ ಆ ಫಾಂಟನ್ನು ಸೇರಿಸಲು ಮಾಡಿದ ಪ್ರಯತ್ನಗಳು ಫಲಿಸಲಿಲ್ಲ. ನುಡಿ ತಂತ್ರಾಂಶವೋ ವಿಂಡೋಸ್‌ಗಾಗಿ ರೂಪಿಸಿದ್ದು. ಉಳಿದ ಮಾರ್ಗವೆಂದರೆ ಅಂತರ್ಜಾಲದ ಪರಿವರ್ತಕದಲ್ಲಿ ಪಠ್ಯವನ್ನು ಹಾಕಿ ಯೂನಿಕೋಡ್‌ಗೆ ಬದಲಿಸುವುದು. ಹಾಗೆ ಮಾಡಿದಾಗ ಅಡಿಟಿಪ್ಪಣಿಗಳ ಸಂಖ್ಯೆಗಳು ಸಾಲಿನೊಳಗೆ ಬೆರೆತವು, ದಪ್ಪಕ್ಷರ ಓರೆಯಕ್ಷರಗಳೆಲ್ಲ ಸಮವಾದವು. ಅದಕ್ಕಿಂತ ಹೆಚ್ಚಿನ ಹಾನಿಯಾದದ್ದು ಲೇಖಕರು ನಡುವೆ ಇಂಗ್ಲಿಷ್ ಲಿಪಿಯಲ್ಲೇ ಕೊಟ್ಟಿದ್ದ ಸಸ್ಯಗಳ ಶಾಸ್ತ್ರೀಯ ಹೆಸರುಗಳಿಗೆ. ಯಾವುದು ನಿಜವಾದ ಇಂಗ್ಲಿಷ್, ಯಾವುದು ಕನ್ನಡದ ವೇಷ ಎಂಬುದು ಪರಿವರ್ತಕಕ್ಕೆ ತಿಳಿಯುವುದಿಲ್ಲವಾದ್ದರಿಂದ, ಅದು ಎಲ್ಲವನ್ನೂ ಕನ್ನಡವೆಂದೇ ಭಾವಿಸಿ ಆ ಹೆಸರುಗಳನ್ನು ಅರ್ಥವಿಲ್ಲದ ಕನ್ನಡ ಅಕ್ಷರಗಳ ಸಾಲಾಗಿಸಿತ್ತು. ನಲವತ್ತಕ್ಕೂ ಹೆಚ್ಚು ಹೆಸರುಗಳನ್ನು ಮೂಲ ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಮತ್ತೆ ಟೈಪು ಮಾಡಿದೆ. ಎರಡು ಹೆಸರುಗಳು ಆಗಲೂ ನನ್ನ ಕಣ್ಣು ತಪ್ಪಿಸಿದವು. ಲೇಖಕರೇ ಕೊನೆಯ ಕರಡಿನಲ್ಲಿ ಅವನ್ನು ಗುರುತಿಸಿ ಹೇಳಿದಾಗ ನನಗೆ ಬಹಳ ನೋವಾಯಿತು.

ತಿದ್ದಿದ ಕಡತವನ್ನು ಕಳಿಸಿದ ಸಂಜೆಯೇ ಡಿಟಿಪಿ ಮಾಡುವವರ ಫೋನು ಬಂತು. "ಸರ, ನುಡಿಯೊಳಗ ಕಳಸ್ರಿ. ಯೂನಿಕೋಡ್ ಹಾಕಿದ್ರ ಇಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಬರಾಕತ್ತಾವು" ಎಂದರು. ಅಂದರೆ ನಾನು ಯೂನಿಕೋಡ್‌ಗೆ ತಂದದ್ದನ್ನು ಅವರು ಮತ್ತೆ ಹಳೆಯ ರೂಪಕ್ಕೆ ಒಯ್ಯಬೇಕು, ಆ ಪರಿವರ್ತನೆಯ ತಪ್ಪುಗಳಿಗಾಗಿ ಇನ್ನೊಂದು ಸುತ್ತಿನ ಕರಡು ಓದಬೇಕು. ಒಂದೇ ಪುಸ್ತಕ ಎರಡು ಸಲ ನದಿ ದಾಟಿದಂತೆ. ಪ್ರತಿ ದಾಟಿಗೂ ಸ್ವಲ್ಪ ಸರಕು ನೀರುಪಾಲು. ಆ ಮೇಲೆ ಇಂಥ ಕಡತಗಳನ್ನು ನಾನು ಪಿಡಿಎಫ್ ಆಗಿ ತರಿಸಿಕೊಂಡು, ಪೆನ್ನಿನಲ್ಲಿ ಗುರುತು ಹಾಕಿ ಕಳಿಸುವ ಪದ್ಧತಿಗೆ ಬಂದೆ. ಭಾಷೆಯನ್ನೇ ಪುನಃ ಬರೆಯಬೇಕಾದ ಕೆಲಸಗಳಿಗೆ ಅದು ಒಗ್ಗುವುದಿಲ್ಲವಾದ್ದರಿಂದ, ಆ ಅವಧಿಯಲ್ಲಿ ಅಂಥ ಎರಡು ಕೆಲಸಗಳನ್ನು ಕೈಬಿಡಬೇಕಾಯಿತು.

ಅನುವಾದದ ಕೆಲಸದಲ್ಲಿ ಅನುಭವ ಮಿಶ್ರವಾಗಿತ್ತು. ಅನುವಾದಕರಿಗೆ ಒಮ್ಮೆಗೇ ಮೂರು ಪುಟಗಳು ಎದುರಿಗಿರಬೇಕು: ಮೂಲ, ನಾವು ಬರೆಯುತ್ತಿರುವುದು, ಮತ್ತು ನಿಘಂಟು. ಟ್ಯಾಬ್ಲೆಟ್‌ನ ಪರದೆಯನ್ನು ಎರಡಾಗಿ ಸೀಳಿದರೆ ಮೂಲವೂ ಬರಹವೂ ಪಕ್ಕಪಕ್ಕ ಕೂರುತ್ತವೆ, ಅಷ್ಟಕ್ಕೇ ಜಾಗ ಮುಗಿಯುತ್ತದೆ. ವಿ. ಕೃಷ್ಣ ಅವರ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ 'ಅಲರ್' ನಿಘಂಟನ್ನು ನಾನು ದಿನಕ್ಕೆ ಮೂವತ್ತು ಸಲವಾದರೂ ನೋಡುತ್ತೇನೆ, ನಾನು ಬಳಸಲಿರುವ ಕನ್ನಡ ಪದದ ಛಾಯೆ ಮೂಲಕ್ಕೆ ಹೊಂದುವುದೇ ಎಂದು ತಿಳಿಯಲು. ಪ್ರತಿ ಸಲವೂ ಒಂದು ಕಿಟಕಿ ಮುಚ್ಚಿ ಇನ್ನೊಂದನ್ನು ತೆರೆಯುವುದರಲ್ಲಿ ವಾಕ್ಯದ ಎಳೆ ಕೈತಪ್ಪುತ್ತಿತ್ತು. ಕೊನೆಗೆ ನಿಘಂಟನ್ನು ಮೊಬೈಲ್ ಫೋನಿನಲ್ಲಿ ತೆರೆದು ಬಲಗಡೆ ಇಟ್ಟುಕೊಂಡೆ. ಅದು ಚೆನ್ನಾಗಿಯೇ ನಡೆಯಿತು.

ಬಿಲ್ಲು ತಯಾರಿಸುವುದು, ಬ್ಯಾಂಕಿನ ವ್ಯವಹಾರ, ವಿಡಿಯೋ ಸಭೆ, ಇಮೇಲ್ ಇವುಗಳಿಗೆ ಆರು ತಿಂಗಳಲ್ಲಿ ಒಂದು ದಿನವೂ ಕಂಪ್ಯೂಟರಿನ ನೆನಪಾಗಲಿಲ್ಲ.

ಅಕ್ಟೋಬರ್ ಕೊನೆಗೆ ಹಳೆಯ ಕಂಪ್ಯೂಟರನ್ನು ರಿಪೇರಿ ಮಾಡಿಸಿದೆ. ಈಗ ಅದರ ಮುಂದೆ ದಿನಕ್ಕೆ ಹೆಚ್ಚೆಂದರೆ ಎರಡು ಗಂಟೆ ಕೂರುತ್ತೇನೆ. ನುಡಿಯ ಕಡತಗಳನ್ನು ತಿದ್ದುವುದು, ಅನುವಾದದ ಕೊನೆಯ ಸುತ್ತು, ಪರಿವರ್ತನೆ ಅನಿವಾರ್ಯವಾದಾಗ ಅದನ್ನು ಎಚ್ಚರದಿಂದ ಮಾಡುವುದು ಅಲ್ಲಿ. ಓದು ಮತ್ತು ಗುರುತು ಹಾಕುವ ಕೆಲಸವೆಲ್ಲ ಟ್ಯಾಬ್ಲೆಟ್‌ನಲ್ಲಿ, ಬಹುಪಾಲು ಹಿತ್ತಲಿನ ಕಟ್ಟೆಯ ಮೇಲೆ ಬೆಳಗಿನ ಬೆಳಕಿನಲ್ಲಿ. ಪ್ರಿಂಟರನ್ನು ಮಾತ್ರ ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಟ್ಟೆ.

ಕಳೆದ ತಿಂಗಳು ನಿವೃತ್ತರಾದ ಕನ್ನಡ ಅಧ್ಯಾಪಕರೊಬ್ಬರು ಕರಡು ತಿದ್ದುವ ಕೆಲಸ ಆರಂಭಿಸಬೇಕೆಂದು ಬಂದು, ಟ್ಯಾಬ್ಲೆಟ್ ಒಂದೇ ಸಾಕೇ ಎಂದು ಕೇಳಿದರು. ನಿಮಗೆ ಕೆಲಸ ಕೊಡುವವರು ಕಡತವನ್ನು ಯಾವ ಫಾಂಟಿನಲ್ಲಿ ಕಳಿಸುತ್ತಾರೆ ಎಂಬುದನ್ನು ಮೊದಲು ವಿಚಾರಿಸಿ, ಒಂದು ಮಾದರಿ ಪುಟವನ್ನು ತರಿಸಿಕೊಂಡು ಫೋನಿನಲ್ಲಿ ತೆರೆದು ನೋಡಿ ಎಂದೆ. ಮರುದಿನ ಅವರು ನನಗೆ ಅದರ ಚಿತ್ರ ಕಳಿಸಿದರು. ಪುಟದ ತುಂಬ ಪೌಂಡ್ ಚಿಹ್ನೆಗಳು. ಹಳೆಯದಾದರೂ ಸರಿ, ವಿಂಡೋಸ್ ಇರುವ ಒಂದು ಕಂಪ್ಯೂಟರನ್ನು ಮೊದಲು ಕೊಳ್ಳಿ, ಟ್ಯಾಬ್ಲೆಟ್ ಆಮೇಲೆ ನೋಡೋಣ ಎಂದು ಉತ್ತರಿಸಿದೆ.