ಅಕ್ರೊಪೊಲಿಸ್ ಗುಡ್ಡ, ಈಜಿನಾ ದ್ವೀಪ: ಹಿರಿಯರು, ಮಕ್ಕಳೊಂದಿಗೆ ಐದು ದಿನ

ಗ್ರೀಸ್ ಅಂದ ಕೂಡಲೇ ಸ್ಯಾಂಟೊರಿನಿ, ಮಿಕೊನೊಸ್ ಹೆಸರು ಬರುತ್ತದೆ. ಇಬ್ಬರು ಹಿರಿಯರು, ಇಬ್ಬರು ಮಕ್ಕಳಿರುವ ಆರು ಜನರ ಕುಟುಂಬಕ್ಕೆ ಐದು ದಿನದ ರಜೆಯಲ್ಲಿ ಅವೆರಡೂ ದೂರವೇ. ಅಥೆನ್ಸಿನ ಪಿರೇಯಸ್ ಬಂದರಿನಿಂದ ಆ ದ್ವೀಪಗಳಿಗೆ ದೊಡ್ಡ ಹಡಗಿನಲ್ಲಿ ಐದರಿಂದ ಎಂಟು ಗಂಟೆ ಬೇಕು. ಜುಲೈ, ಆಗಸ್ಟ್‌ನಲ್ಲಿ ಬಡಗಣದಿಂದ ಬೀಸುವ ಮೆಲ್ಟೆಮಿ ಗಾಳಿ ವಿಪರೀತಕ್ಕೆ ಹೋದರೆ ಹಡಗು ಹೊರಡುವುದೇ ಇಲ್ಲ, ವಾಪಸಿನ ವಿಮಾನ ಕೈತಪ್ಪಬಹುದು. ಅದಕ್ಕೇ ಅಥೆನ್ಸಿನಲ್ಲಿ ಒಂದೇ ಮನೆ ಬಾಡಿಗೆಗೆ ಹಿಡಿದು, ದ್ವೀಪ ನೋಡಲು ಈಜಿನಾ ಆರಿಸಿಕೊಂಡೆವು. ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಮೇಲಿರುವ ಪಾರ್ಥೆನಾನ್ ಗುಡಿಗಿಂತ ಹಳೆಯ ದೇವಾಲಯವೂ ಅಲ್ಲಿದೆ, ಮಕ್ಕಳು ನಿರ್ಭಯವಾಗಿ ಇಳಿಯುವಂಥ ಕಡಲೂ ಇದೆ.

ಗ್ರೀಸ್‌ಗೆ ಬೇಕಾದ ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಸೇರಿ ಇರುವ ಒಂದೇ ವೀಸಾ) ಪ್ರಯಾಣದ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಬೇಸಿಗೆಗೆ ಹೋಗುವವರು ಸ್ಲಾಟಿಗಾಗಿ ಕೊನೆಯ ತಿಂಗಳವರೆಗೆ ಕಾಯಬಾರದು. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಪ್ರತಿಯೊಬ್ಬರಿಗೂ ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಬೇಕು. ವಿಮೆಯ ಅವಧಿ ವಾಪಸ್ ಬರುವ ದಿನವನ್ನೂ ಒಳಗೊಂಡಿದೆಯೇ ನೋಡಿಕೊಳ್ಳಿ.

ಅಕ್ರೊಪೊಲಿಸ್‌ಗೆ ಈಗ ಗಂಟೆ ನಿಗದಿಯಾದ ಟಿಕೆಟ್. 2025ರ ಏಪ್ರಿಲ್‌ನಿಂದ ಪೂರ್ಣ ದರ 30 ಯೂರೊ. ನಮೂದಿಸಿದ ವೇಳೆಗೆ ಕಾಲು ಗಂಟೆ ಹಿಂದೆ ಮುಂದೆ ಅಷ್ಟೇ ಬಿಡುತ್ತಾರೆ. ಬೇಸಿಗೆಯಲ್ಲಿ ಬೆಳಿಗ್ಗೆ 8ರ ಮೊದಲ ಸ್ಲಾಟೇ ಸರಿ. ಬಿಸಿಲಿನ ಅಲೆ ಬಂದ ವರ್ಷಗಳಲ್ಲಿ ಮಧ್ಯಾಹ್ನದಿಂದ ಸಂಜೆ 5ರವರೆಗೆ ಗುಡ್ಡವನ್ನೇ ಮುಚ್ಚಿದ್ದಾರೆ, ಮೇಲೆ ನೆರಳೆಂಬುದು ಇಲ್ಲವೇ ಇಲ್ಲ. ಮೆಟ್ರೊ ಎರಡನೇ ಮಾರ್ಗದ ಅಕ್ರೊಪೊಲಿ ನಿಲ್ದಾಣದಲ್ಲಿ ಇಳಿದು ಆಗ್ನೇಯ ಬಾಗಿಲಿನಿಂದ ಹೋದರೆ ಡಯೊನೈಸಸ್ ರಂಗಮಂದಿರ ದಾಟಿ ನಿಧಾನಕ್ಕೆ ಏರಬಹುದು. ಪಡುವಣದ ಮುಖ್ಯ ಬಾಗಿಲಲ್ಲಿ ಟೂರ್ ಗುಂಪುಗಳ ಸಾಲು.

ಜಾಗ್ರತೆ ಬೇಕಿರುವುದು ಕಾಲಡಿಗೆ. ಹಂಪಿಯ ಬಂಡೆ ಒರಟು, ಹೆಜ್ಜೆಯನ್ನು ಹಿಡಿಯುತ್ತದೆ. ಇಲ್ಲಿನ ಅಮೃತಶಿಲೆ ಕೋಟ್ಯಂತರ ಪಾದ ಸವೆಸಿ ಗಾಜಿನಷ್ಟು ನುಣುಪಾಗಿದೆ, ಮಳೆ ಹನಿ ಬಿದ್ದರಂತೂ ಜಾರುಬಂಡೆ. ಹಿರಿಯರು ಚಪ್ಪಲಿ ಬಿಟ್ಟು ರಬ್ಬರ್ ತಳದ ಶೂ ಹಾಕಲೇಬೇಕು. ಮೆಟ್ಟಿಲು ಹತ್ತಲಾಗದವರಿಗೆ ಲಿಫ್ಟ್ ಇದೆ, ಆದರೆ ಜೋರು ಗಾಳಿಗೆ ಅದನ್ನು ನಿಲ್ಲಿಸುತ್ತಾರೆ. ಆ ದಿನ ಹಿರಿಯರಿಗೆ ಕೆಳಗಿನ ಮ್ಯೂಸಿಯಮ್ಮೇ ಸಾಕು. ಗುಡ್ಡದ ಮೇಲಿನ ಎರೆಕ್ಥಿಯಾನ್ ಗುಡಿಯಲ್ಲಿ ಸೂರು ಹೊತ್ತು ನಿಂತಿದ್ದ ಆರು ಸ್ತ್ರೀವಿಗ್ರಹಗಳಲ್ಲಿ ಐದು ಮೂಲಪ್ರತಿಗಳು ಅಲ್ಲಿ ಎಸಿಯಲ್ಲಿವೆ. ಆರನೆಯದು ಲಂಡನ್ನಿನಲ್ಲಿ. ಗುಡ್ಡದ ಮೇಲಿರುವವು ನಕಲು.

ಪಾರ್ಥೆನಾನ್ (ಕ್ರಿ.ಪೂ. 447–432) ಎದುರು ಮಕ್ಕಳು ಐದು ನಿಮಿಷಕ್ಕೆ ಬೇಸರಪಟ್ಟುಕೊಳ್ಳುತ್ತಾರೆ. ಅವರನ್ನು ಮೂಲೆಗೆ ಕರೆದೊಯ್ದು, ಹಗ್ಗದ ಈಚೆ ನಿಂತೇ, ಮೆಟ್ಟಿಲಿನ ಅಂಚನ್ನು ಉದ್ದಕ್ಕೂ ಒಂದೇ ಕಣ್ಣಲ್ಲಿ ನೋಡಲು ಹೇಳಿ. ನೇರ ಎಂದುಕೊಂಡ ಗೆರೆ ನಡುವೆ ಉಬ್ಬಿದೆ: ಉದ್ದದ ಬದಿಯಲ್ಲಿ ಸುಮಾರು 11 ಸೆಂ.ಮೀ., ಅಗಲದ ಬದಿಯಲ್ಲಿ 6. ಬೇಕೆಂದೇ ಹಾಗೆ ಕಟ್ಟಿದ್ದು. ಇದನ್ನು ಕಂಡ ಮೇಲೆ ಕಂಬಗಳು ಒಳಕ್ಕೆ ಓರೆಯಾಗಿವೆಯೇ ಎಂದು ತಾವೇ ಹುಡುಕತೊಡಗುತ್ತಾರೆ. ಹೌದು, ಅವೂ ಓರೆಯೇ.

ಈಜಿನಾಕ್ಕೆ ಮರುದಿನ. ಒಂದೇ ದಿನ ಎರಡನ್ನೂ ತುರುಕಬಾರದು. ಅಲ್ಲಿಯವರ ಬಾಯಲ್ಲಿ ಊರ ಹೆಸರು 'ಎಯಿನಾ', ಬಂದರಿನಲ್ಲಿ ಕೂಗುವಾಗ ಗೊತ್ತಿರಲಿ. ಮೆಟ್ರೊ ಮೂರನೇ ಮಾರ್ಗ 2022ರಿಂದ ಪಿರೇಯಸ್‌ವರೆಗೂ ಹೋಗುತ್ತದೆ. ಅಲ್ಲಿಂದ ಇ-8 ಗೇಟಿಗೆ ಹತ್ತು ನಿಮಿಷದ ನಡಿಗೆ. ನೀರಿನಿಂದ ಮೇಲೆದ್ದು ಓಡುವ ಹೈಡ್ರೊಫಾಯ್ಲ್ ದೋಣಿ 40 ನಿಮಿಷಕ್ಕೆ ಮುಟ್ಟಿಸುತ್ತದೆ, ಆದರೆ ಮುಚ್ಚಿದ ಕೋಣೆಯೊಳಗೆ ಕುಲುಕಾಟ, ಮಕ್ಕಳಿಗೆ ವಾಂತಿ. ಸಾಮಾನ್ಯ ಹಡಗು ಸುಮಾರು ಒಂದೂಕಾಲು ಗಂಟೆ ತಗೊಂಡರೂ ಅಗ್ಗ, ತೆರೆದ ಡೆಕ್ ಮೇಲೆ ಗಾಳಿಗೆ ಕೂರಬಹುದು. ನಾನು ಅದನ್ನೇ ಹೇಳುತ್ತೇನೆ.

ಮೊದಲು ಹೇಳಿದ ಹಳೆಯ ಗುಡಿ, ಅಫಾಯಾ ದೇವಾಲಯ, ಈಜಿನಾ ಬಂದರಿನಿಂದ ಸುಮಾರು 12 ಕಿ.ಮೀ. ಟ್ಯಾಕ್ಸಿಯಲ್ಲಿ ನಾಲ್ವರಿಗೆ ಮಾತ್ರ ಜಾಗ, ಆರು ಮಂದಿಗೆ ಎರಡು ಬೇಕಾಗುತ್ತದೆ. ಅಗಿಯಾ ಮರೀನಾ ಎಂಬ ಕಡಲತೀರದ ಊರಿಗೆ ಹೋಗುವ ಬಸ್ಸು ದೇವಾಲಯದ ಮುಂದೆಯೇ ನಿಲ್ಲುತ್ತದೆ, ಆದರೆ ದಿನಕ್ಕೆ ಕೆಲವೇ ಬಸ್ಸು. ಬಂದರಿನಲ್ಲಿ ಇಳಿದೊಡನೆ ವೇಳಾಪಟ್ಟಿಯ ಫೋಟೊ ತೆಗೆದುಕೊಳ್ಳಿ. ಸುಮಾರು ಕ್ರಿ.ಪೂ. 500ರ ಈ ಗುಡಿ ಅಮೃತಶಿಲೆಯದಲ್ಲ, ಸುಣ್ಣದಕಲ್ಲಿನದು. ಹೊರಗಿನ ಕಂಬಗಳಲ್ಲಿ ಹೆಚ್ಚಿನವು ಏಕಶಿಲೆ. ಮುಂಭಾಗದ ಶಿಲ್ಪಗಳು ಜರ್ಮನಿಯ ಮ್ಯೂನಿಕ್‌ನಲ್ಲಿವೆ. ಸುತ್ತ ಪೈನ್ ಮರಗಳ ನೆರಳಿದೆ, ನೂಕುನುಗ್ಗಲಿಲ್ಲ. ಅಕ್ರೊಪೊಲಿಸ್‌ನಲ್ಲಿ ಸಿಗದ ನಿರಾಳ ಇಲ್ಲಿ ಸಿಗುತ್ತದೆ.

ಅಲ್ಲಿಂದ ಕೆಳಗಿಳಿದರೆ ಅಗಿಯಾ ಮರೀನಾ: ಮರಳಿನ ತೀರ, ದೂರದವರೆಗೂ ಆಳವಿಲ್ಲದ ನೀರು. ಬಂಡೆಯ ಬದಿಗೆ ಹೋಗುವುದಾದರೆ ನೀರಿನ ಶೂ ಬೇಕು. ಸೀ ಅರ್ಚಿನ್ ಎಂಬ ಕಪ್ಪು ಮುಳ್ಳಿನುಂಡೆಗಳು ಅಲ್ಲಿ ಅಂಟಿಕೊಂಡಿರುತ್ತವೆ, ಮುಳ್ಳು ಪಾದದಲ್ಲಿ ಮುರಿಯುತ್ತದೆ.

ಸಸ್ಯಾಹಾರಿಗಳು 'ನಿಸ್ತೀಸಿಮೊ' ಎಂಬ ಒಂದು ಪದ ಕಲಿತರೆ ಸಾಕು. ಚರ್ಚಿನ ಉಪವಾಸದ ಅಡುಗೆ ಅದು, ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಸಿಗಡಿ, ಆಕ್ಟೋಪಸ್ ಮಾತ್ರ ಅದರಲ್ಲಿ ಸೇರುತ್ತವೆ, ಆದ್ದರಿಂದ ಅವನ್ನೂ ಬೇಡವೆನ್ನಬೇಕು. ಹಳದಿ ಬೇಳೆಯ 'ಫಾವಾ' ಒಗ್ಗರಣೆಯಿಲ್ಲದ ತೊವ್ವೆಯಂತೆಯೇ, ಮೇಲೆ ಆಲಿವ್ ಎಣ್ಣೆ, ಹಸಿ ಈರುಳ್ಳಿ. ನಮ್ಮ ಹಿರಿಯರಿಗೆ ಹಿಡಿಸಿದ್ದು ಅದು ಮತ್ತು 'ಯಿಗಾಂಟೆಸ್', ಟೊಮೆಟೊದಲ್ಲಿ ಬೇಯಿಸಿದ ದಪ್ಪ ಅವರೆಯಂಥ ಕಾಳು. ಅಕ್ಕಿ ತುಂಬಿದ 'ಯೆಮಿಸ್ತಾ'ದಲ್ಲಿ ಕೆಲವರು ಕೊಚ್ಚಿದ ಮಾಂಸ ಬೆರೆಸುತ್ತಾರೆ, ಕೇಳದೆ ತಿನ್ನಬೇಡಿ. ಬಂದರಿನ ಅಂಗಡಿಗಳಲ್ಲಿ ದ್ವೀಪದ್ದೇ ಪಿಸ್ತಾ ಸಿಗುತ್ತದೆ. ಹೊಸ ಫಸಲು ಬೇಕಿದ್ದರೆ ಸೆಪ್ಟೆಂಬರ್‌ನಲ್ಲಿ ಹೋಗಿ, ಬಿಸಿಲೂ ಇಳಿದಿರುತ್ತದೆ.