ಅಲೆಕ್ಸ್ ಜೇಮ್ಸ್ ಮೇಲೆ ಎರಡು ಪುಟ: ಸ್ಮರಣ ಸಂಚಿಕೆಗೆ ಬರೆಯುವವರಿಗೆ

ಕೊಯ್ಲು ಮುಗಿದ ಗದ್ದೆಯಲ್ಲಿ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ನಡೆಸುವ ಕಾಸರಗೋಡಿನ ಕ್ಲಬ್ಬಿನ ಸಂಚಿಕೆಗೆ ಹಳೆಯ ಆಟಗಾರನೊಬ್ಬ ಬೇಕೆಂದರೆ ಸ್ಕಾಟ್ಲೆಂಡಿನ ಅಲೆಕ್ಸ್ ಜೇಮ್ಸ್ ಒಳ್ಳೆಯ ಆಯ್ಕೆ. ಆದರೆ ಆತನ ಅಂಕಿಅಂಶವನ್ನು ಹಾಗೇ ಇಳಿಸಿಬಿಟ್ಟರೆ, ‘ಇವನೇನು ಮಹಾ?’ ಎಂದು ಓದುಗ ಪುಟ ಮಗುಚುತ್ತಾನೆ.

ಮೊದಲು ಒಂದು ಹಾಳೆಯಲ್ಲಿ ಅಸ್ಥಿಪಂಜರ ಬರೆದಿಟ್ಟುಕೊಳ್ಳಿ. ಹುಟ್ಟು 1901, ಸ್ಕಾಟ್ಲೆಂಡಿನ ಮಾಸೆಂಡ್. ಸೇರಿದ ಕ್ಲಬ್ಬುಗಳು: 1922ರಲ್ಲಿ ರೇತ್ ರೋವರ್ಸ್, 1925ರಲ್ಲಿ ಪ್ರೆಸ್ಟನ್ ನಾರ್ತ್ ಎಂಡ್, 1929ರಲ್ಲಿ ಆರ್ಸನಲ್, 1937ರಲ್ಲಿ ನಿವೃತ್ತಿ. ಮಲಯಾಳದಿಂದ ಹೆಸರು ಎತ್ತುವವರು ‘ಪ್ರೆಸ್ಟಣ್’ ಎಂದು ಣಕಾರ ಹಾಕಿಬಿಡುತ್ತಾರೆ, ನೋಡಿಕೊಳ್ಳಿ. ರೇತ್ ರೋವರ್ಸ್‌ನ ಊರಿನ ಹೆಸರನ್ನು ಅಕ್ಷರ ನೋಡಿ ‘ಕಿರ್ಕಾಲ್ಡಿ’ ಎನ್ನುತ್ತಾರೆ. ಅಲ್ಲಿಯವರ ಬಾಯಲ್ಲಿ ಅದು ‘ಕರ್ಕಾಡಿ’.

ಆಟದ ಋತುವನ್ನು (ಸೀಸನ್) ಎರಡು ವರ್ಷ ಜೋಡಿಸಿಯೇ ಬರೆಯಿರಿ. ಆರ್ಸನಲ್ ಎಫ್.ಎ. ಕಪ್ (ಇಂಗ್ಲೆಂಡಿನ ನಾಕೌಟ್ ಟೂರ್ನಿ) ಗೆದ್ದದ್ದು 1930ರ ಏಪ್ರಿಲ್‌ನಲ್ಲಿ, ಅದು 1929-30ರ ಲೆಕ್ಕ. ಮೊದಲ ಲೀಗ್ ಪ್ರಶಸ್ತಿ 1930-31ರದ್ದು. ಬರೀ ‘1930’ ಎಂದರೆ ಎರಡೂ ಕಲಸಿಹೋಗುತ್ತವೆ. ಆರ್ಸನಲ್ ಪರ ಒಂದು ಕಡೆ 231 ಪಂದ್ಯ, 26 ಗೋಲು ಎಂದೂ ಇನ್ನೊಂದು ಕಡೆ 261 ಪಂದ್ಯ, 27 ಗೋಲು ಎಂದೂ ಕಂಡರೆ ಗಾಬರಿ ಬೇಡ. ಮೊದಲನೆಯದು ಲೀಗ್ ಮಾತ್ರ, ಎರಡನೆಯದು ಕಪ್ ಪಂದ್ಯಗಳನ್ನೂ ಸೇರಿಸಿದ್ದು.

ಲೇಖನದ ಜೀವ ಇರುವುದು ಮುಂದಿನ ಪ್ರಶ್ನೆಯಲ್ಲಿ. ಎರಡನೇ ಡಿವಿಷನ್ನಿನ ಪ್ರೆಸ್ಟನ್‌ಗೆ 147 ಲೀಗ್ ಪಂದ್ಯಗಳಲ್ಲಿ 53 ಗೋಲು ಹೊಡೆದವನು ಆರ್ಸನಲ್‌ನಲ್ಲಿ 231ಕ್ಕೆ 26ಕ್ಕೆ ಇಳಿದದ್ದು ಯಾಕೆ? ಉತ್ತರಕ್ಕೆ ಆಫ್‌ಸೈಡ್ ವಿವರಿಸಲೇಬೇಕು: ತನ್ನವರು ಚೆಂಡು ಕೊಡುವಾಗ ಮುಂದಿರುವ ಆಟಗಾರನಿಗೂ ಎದುರಾಳಿಯ ಗೋಲ್ ಗೆರೆಗೂ ನಡುವೆ ಇಂತಿಷ್ಟು ಎದುರಾಳಿಗಳು ಇರಲೇಬೇಕೆಂಬ ನಿಯಮ ಅದು. ಸೆವೆನ್ಸ್‌ನಲ್ಲಿ ಆಫ್‌ಸೈಡೇ ಇಲ್ಲವಾದ್ದರಿಂದ ಗ್ಯಾಲರಿಯ ಓದುಗನಿಗೆ ಇದು ಹೊಸತು. ಚಿತ್ರ ಬಿಡಿಸುವ ಮೊದಲು ಮೇಜಿನ ಮೇಲೆ ನಾಲ್ಕು ಅಡಿಕೆ ಇಟ್ಟು ನೋಡಿ: ಗೋಲ್‌ಕೀಪರ್, ಎರಡು ಬ್ಯಾಕ್ (ಗೋಲು ಕಾಯುವ ರಕ್ಷಕರು), ಒಬ್ಬ ಎದುರಾಳಿ ಫಾರ್ವರ್ಡ್ (ದಾಳಿ ಮಾಡುವವ). ಒಂದು ಬ್ಯಾಕ್ ಅಡಿಕೆಯನ್ನು ಗೋಲ್ ಗೆರೆಯಿಂದ ದೂರಕ್ಕೆ, ಫಾರ್ವರ್ಡ್‌ಗಿಂತ ಮುಂದಕ್ಕೆ ಸರಿಸಿ. ಈಗ ಫಾರ್ವರ್ಡ್‌ಗೂ ಗೋಲ್ ಗೆರೆಗೂ ನಡುವೆ ಉಳಿದವರು ಇಬ್ಬರೇ. 1925ಕ್ಕೆ ಮುಂಚೆ ಮೂವರು ಇರಬೇಕಿತ್ತು, ಹಾಗಾಗಿ ಆಫ್‌ಸೈಡ್. ಆಮೇಲೆ ಇಬ್ಬರು ಸಾಕು, ಆಟ ಮುಂದುವರಿಯುತ್ತದೆ. ಒಂದು ಅಡಿಕೆಯ ಈ ವ್ಯತ್ಯಾಸಕ್ಕೆ ಇಂಗ್ಲೆಂಡಿನ ಮೊದಲ ಡಿವಿಷನ್ನಿನ ಗೋಲುಗಳು ಒಂದೇ ಋತುವಿನಲ್ಲಿ 1,192ರಿಂದ 1,703ಕ್ಕೆ ಏರಿದವು. ತಡೆಯಲು ನಡುಅಂಗಳದಲ್ಲಿ ಆಡುತ್ತಿದ್ದ ಸೆಂಟರ್ ಹಾಫ್ ಹಿಂದೆ ಬಂದು ಬ್ಯಾಕ್‌ಗಳ ನಡುವೆ ನಿಂತ. ನಡುಅಂಗಳ ಖಾಲಿಯಾಯಿತು. ಅದನ್ನು ತುಂಬಲು ಆರ್ಸನಲ್ ಮ್ಯಾನೇಜರ್ ಹರ್ಬರ್ಟ್ ಚಾಪ್ಮನ್ ಇನ್‌ಸೈಡ್ ಲೆಫ್ಟ್ (ಎಡ ಒಳಬದಿಯ ಫಾರ್ವರ್ಡ್) ಜೇಮ್ಸ್‌ನನ್ನು ಹಿಂದಕ್ಕೆಳೆದು, ಗೋಲು ಹೊಡೆಯುವವನನ್ನು ಚೆಂಡು ಹಂಚುವವನನ್ನಾಗಿ ಮಾಡಿದರು. ಗೋಲು ಕಡಿಮೆಯಾದದ್ದು ಆಟ ಕುಂದಿದ್ದಕ್ಕಲ್ಲ.

ದುಡ್ಡಿನ ಮಾತು ಬಂದಾಗ ಇಂದಿನ ದರದಲ್ಲಿ ರೂಪಾಯಿ ಮಾಡಬೇಡಿ. 1927ರಿಂದ ರೂಪಾಯಿಗೆ 1 ಷಿಲ್ಲಿಂಗ್ 6 ಪೆನ್ಸ್, ಅಂದರೆ ಪೌಂಡಿಗೆ 13 ರೂಪಾಯಿ ಚಿಲ್ಲರೆ. ಜೇಮ್ಸ್ ಪ್ರೆಸ್ಟನ್‌ನಿಂದ ಆರ್ಸನಲ್‌ಗೆ ಬಂದಾಗಿನ ವರ್ಗಾವಣೆಯ 8,750 ಪೌಂಡ್ ಆಗಿನ ಸುಮಾರು 1,16,600 ರೂಪಾಯಿ. ಅದು ಸೇರಿದ್ದು ಪ್ರೆಸ್ಟನ್ ಕ್ಲಬ್ಬಿಗೆ, ಆಟಗಾರನ ಜೇಬಿಗಲ್ಲ. ಆಟಗಾರನಿಗೆ ವಾರಕ್ಕೆ ಹೆಚ್ಚೆಂದರೆ 8 ಪೌಂಡ್, ಅಂದರೆ ಸುಮಾರು 107 ರೂಪಾಯಿ. ಬೇಸಿಗೆಯಲ್ಲಿ 6 ಪೌಂಡ್.

ಸ್ಕಾಟ್ಲೆಂಡ್ ಪರ ಎಂಟೇ ಪಂದ್ಯ. ಆಗ ವರ್ಷಕ್ಕೆ ಮುಖ್ಯವಾಗಿ ಮೂರೇ ಅಂತರರಾಷ್ಟ್ರೀಯ ಪಂದ್ಯಗಳಿದ್ದವು, ಆಟಗಾರನನ್ನು ಬಿಟ್ಟುಕೊಡಲು ಇಂಗ್ಲಿಷ್ ಕ್ಲಬ್ಬಿಗೆ ಮನಸ್ಸೂ ಇರಬೇಕಿತ್ತು. 1928ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 5-1ರಿಂದ ಮಣಿಸಿದಾಗ ಎರಡು ಗೋಲು ಜೇಮ್ಸ್‌ನವು. ಇದೊಂದಕ್ಕೆ ಪ್ಯಾರಾ ಮೀಸಲಿಡಬಹುದು.

ಕಪ್ಪುಬಿಳುಪು ಫೋಟೋಗೆ ಬಣ್ಣ ತುಂಬಿಸುವುದಾದರೆ ವರ್ಷ ನೋಡಿ: ಆರ್ಸನಲ್ ಅಂಗಿಗೆ ಬಿಳಿ ತೋಳು ಬಂದದ್ದು 1933ರಲ್ಲಿ, ಅದಕ್ಕೆ ಮುಂಚೆ ತೋಳೂ ಕೆಂಪು. ಮೊಣಕಾಲು ಮುಚ್ಚುವ ದೊಗಳೆ ಚಡ್ಡಿಯನ್ನು ಕತ್ತರಿಸಬೇಡಿ, ಜೇಮ್ಸ್‌ನ ಗುರುತೇ ಅದು. ಇನ್‌ಸೈಡ್ ಲೆಫ್ಟ್‌ನ ಸಂಖ್ಯೆಯೆಂದು ಬೆನ್ನಿಗೆ 10 ಬರೆಯುವ ಆಸೆಯೂ ಬೇಡ. ಇಂಗ್ಲಿಷ್ ಲೀಗ್‌ನಲ್ಲಿ ಸಂಖ್ಯೆ ಕಡ್ಡಾಯವಾದದ್ದು 1939ರಲ್ಲಿ, ಆತ ನಿವೃತ್ತನಾದ ಮೇಲೆ.