ಕಾಮಾಲೆ, ನಾಟಿ ಔಷಧಿ ಮತ್ತು ನನ್ನ ಓಪಿಡಿ

ನಾನು ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ಫಿಜಿಷಿಯನ್. ಇಲ್ಲಿ ಕಾಮಾಲೆ ಬಂದವರು ಮೊದಲು ನನ್ನ ಹತ್ತಿರ ಬರುವುದಿಲ್ಲ. ಮೊದಲು ನಾಟಿ ಔಷಧಿ ಕೊಡುವವರ ಮನೆ, ಆಮೇಲೆ ಪಥ್ಯ, ಅದರಿಂದಲೂ ಇಳಿಯದಿದ್ದರೆ ಆಸ್ಪತ್ರೆ. ಇದರಲ್ಲಿ ನನಗೇನೂ ಬೇಜಾರಿಲ್ಲ. ಆದರೆ ಏನು ಕುಡಿದಿದ್ದಾರೆ ಅನ್ನುವುದನ್ನು ಮುಚ್ಚಿಟ್ಟರೆ ಮಾತ್ರ ನನ್ನ ಕೆಲಸ ಕೆಡುತ್ತದೆ.

"ನಾಟಿ ಔಷಧಿ ಏನಾದ್ರೂ ತಗೊಂಡ್ರಾ?" ಅಂತ ಕೇಳಿದರೆ ಹೆಚ್ಚಿನವರು "ಇಲ್ಲ ಡಾಕ್ಟ್ರೇ" ಅಂದುಬಿಡುತ್ತಾರೆ. ಬೈಸಿಕೊಳ್ಳೋದು ಯಾರಿಗೆ ಬೇಕು, ಅಲ್ವಾ? ಅದಕ್ಕೇ ನಾನು ಹಾಗೆ ಕೇಳುವುದನ್ನೇ ಬಿಟ್ಟಿದ್ದೇನೆ. "ಔಷಧಿ ಯಾರ ಹತ್ರ ಕುಡಿದ್ರಿ? ಹಾಲಲ್ಲಿ ಕೊಟ್ರೋ, ಮಜ್ಜಿಗೇಲೋ?" ಅನ್ನುತ್ತೇನೆ. ಆಗ ಊರು, ಮನೆ, ಎಷ್ಟು ದಿನ, ಎಲ್ಲಾ ಹೊರಗೆ ಬರುತ್ತದೆ. ಕೇಸ್ ಶೀಟಿನಲ್ಲಿ ಮಾತ್ರೆಗಳ ಹೆಸರಿನ ಕೆಳಗೇ ಅದನ್ನೂ ಬರೆಯುತ್ತೇನೆ.

ಗಾರೆ ಕೆಲಸದ ಒಬ್ಬ ಹುಡುಗನನ್ನು ಅವನ ತಾಯಿ ಕರೆದುಕೊಂಡು ಬಂದಿದ್ದರು. ಹಿತ್ತಲಿನ ನೆಲನೆಲ್ಲಿಯನ್ನು ಬೇರುಸಮೇತ ಅರೆದು ಕುಡಿಸಿದ್ದರಂತೆ. ಉಳಿದ ಒಂದು ಹಿಡಿ ಗಿಡ ಪ್ಲಾಸ್ಟಿಕ್ ಚೀಲದಲ್ಲಿತ್ತು. ಎಲೆ ಸಾಲಿನ ಅಡಿಯಲ್ಲಿ ಸಾಸಿವೆಗಿಂತ ಸ್ವಲ್ಪ ದಪ್ಪದ ಹಸಿರು ಕಾಯಿಗಳು. ನೆಲನೆಲ್ಲಿಯೇ, ಅನುಮಾನವಿಲ್ಲ. "ಉಪ್ಪು, ಎಣ್ಣೆ, ಖಾರ ಒಂದೂ ಮುಟ್ಸಿಲ್ಲ ಡಾಕ್ಟ್ರೇ, ಬರೀ ಗಂಜಿ" ಅಂದರು ಆ ತಾಯಿ. ಹುಡುಗ ಕಾಮಾಲೆಗಿಂತ ಹಸಿವಿಗೇ ಜಾಸ್ತಿ ಬಾಡಿದ್ದ.

ಪರೀಕ್ಷೆಯಲ್ಲಿ ಹೆಪಟೈಟಿಸ್ ಎ ಬಂತು. ಕಲುಷಿತ ನೀರು, ಆಹಾರದಿಂದ ಬರುವ ವೈರಸ್ ಅದು. ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಚೀಟಿಯ ಹಿಂಬದಿಯಲ್ಲಿ ಒಂದು ಗೆರೆ ಎಳೆದೆ. ಕಣ್ಣನ್ನು ಹಳದಿ ಮಾಡುವ ಬಿಲಿರುಬಿನ್ ಅನ್ನುವ ಅಂಶ ರಕ್ತದಲ್ಲಿ ಏರುತ್ತದೆ, ಒಂದು ಮಟ್ಟಕ್ಕೆ ಹೋಗಿ ನಿಲ್ಲುತ್ತದೆ, ನಿಧಾನಕ್ಕೆ ಇಳಿಯುತ್ತದೆ. "ಅಮ್ಮಾ, ಜನ ಔಷಧಿಗೆ ಹೋಗೋದು ಯಾವಾಗ? ಕಣ್ಣು ಪೂರ್ತಿ ಹಳದಿಯಾದ ಮೇಲೆ, ಅಂದ್ರೆ ಇಲ್ಲಿ" ಅಂತ ಗೆರೆಯ ನೆತ್ತಿ ತೋರಿಸಿದೆ. "ಇಲ್ಲಿಂದ ಮುಂದೆ ಔಷಧಿ ಕುಡಿದ್ರೂ ಇಳಿಯುತ್ತೆ, ಬಿಟ್ರೂ ಇಳಿಯುತ್ತೆ." ಅವರು ಸ್ವಲ್ಪ ಹೊತ್ತು ನೋಡಿ, "ಹಂಗಾರೆ ನಿಮ್ಮ ಮಾತ್ರೇನೂ ಬೇಡ್ವಾ?" ಅಂದರು. ಸರಿಯಾದ ಪ್ರಶ್ನೆ. ಬೇಡ. ಊಟ ಸರಿಯಾಗಿ ಮಾಡಲಿ, ಹೆಂಡ ಮುಟ್ಟದಿರಲಿ, ಕೇಳದೆ ನೋವಿನ ಮಾತ್ರೆ ನುಂಗದಿರಲಿ, ಅಷ್ಟೇ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಪಿಟಿ-ಐಎನ್‌ಆರ್ ಪರೀಕ್ಷೆ ಮಾತ್ರ ಇನ್ನೊಮ್ಮೆ ಮಾಡಿಸಿದೆ. ಲಿವರ್ ಕೈಕೊಡುತ್ತಿದೆಯಾ ಅನ್ನುವುದು ಕಣ್ಣಿನ ಬಣ್ಣಕ್ಕಿಂತ ಅದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ನೆಲನೆಲ್ಲಿಯನ್ನು ಸುಮ್ನೆ ತಳ್ಳಿಹಾಕಬೇಡಿ. 1988ರಲ್ಲಿ ಮದ್ರಾಸಿನ ವೈದ್ಯರು ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ ಈ ಗಿಡದ ಪುಡಿಯನ್ನು 30 ದಿನ ಕೊಟ್ಟು ನೋಡಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಔಷಧಿ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಕಾಣಲಿಲ್ಲ. ಹುಸಿಮಾತ್ರೆ ತೆಗೆದುಕೊಂಡ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ಅಷ್ಟನ್ನೇ ಓದಿದರೆ ಯಾರಾದರೂ ಕುಣಿಯುತ್ತಾರೆ. ಆಮೇಲೆ ಬೇರೆ ದೇಶಗಳಲ್ಲಿ ಮಾಡಿ ನೋಡಿದಾಗ ಆ ಫಲ ಮತ್ತೆ ಸಿಗಲಿಲ್ಲ. 2011ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದ ಕಾಕ್ರೇನ್ ವಿಮರ್ಶೆಯೂ ನಂಬುವಂಥ ಪುರಾವೆ ಇಲ್ಲ ಅಂದಿತು. ಒಂದೇ ಪ್ರಯೋಗವನ್ನು ಹಿಡಿದುಕೊಂಡು ಕೂರಬಾರದು ಅನ್ನುವುದಕ್ಕೆ ನಾನು ಹೊಸ ಇಂಟರ್ನ್‌ಗಳಿಗೆ ಹೇಳುವ ಕಥೆ ಇದು. ಇನ್ನೊಂದು ವಿಷಯವಿದೆ. ಅದು ವರ್ಷಗಟ್ಟಲೆ ಇರುವ ಹೆಪಟೈಟಿಸ್ ಬಿ ಮೇಲಿನ ಪ್ರಯೋಗ. ನಮ್ಮ ಮಳೆಗಾಲದ ಕಾಮಾಲೆಗೆ ಅದು ನೇರವಾಗಿ ಹೊಂದುವುದೇ ಇಲ್ಲ.

ನಮ್ಮ ಕಡೆಯದ್ದನ್ನೂ ಹೇಳಬೇಕು. ಕಾಮಾಲೆ ಅಂದ ಕೂಡಲೇ ಲಿವರ್ ಟಾನಿಕ್ ಬರೆಯುವ ಡಾಕ್ಟರುಗಳು ಎಷ್ಟು ಜನ ಇಲ್ಲ! ಅದಕ್ಕೂ ಗಟ್ಟಿ ಪುರಾವೆ ಇಲ್ಲ. ಅದೂ ಬಾಟಲಿಗೆ ಹೋದ ಸೊಪ್ಪೇ, ಲೇಬಲ್ ಒಂದು ಜಾಸ್ತಿ. ರೋಗಿಗೆ ಒಂದು ಅಳತೆ, ನಮಗೊಂದು ಅಳತೆ ಆಗಬಾರದು. ನಾನು ಬರೆಯುವುದಿಲ್ಲ.

ನನಗೆ ಹೆದರಿಕೆ ಇರುವುದು ಔಷಧಿಗಿಂತ ಕಳೆದುಹೋಗುವ ದಿನಗಳ ಬಗ್ಗೆ. ಕಾಮಾಲೆ ಒಂದೇ ರೋಗವಲ್ಲ. ಪಿತ್ತಕೋಶದ ಕಲ್ಲು ನಾಳಕ್ಕೆ ಅಡ್ಡ ಬಂದರೂ ಕಣ್ಣು ಹಳದಿ, ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲೂ ಹಳದಿ. ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಬರುವ ಇಲಿ ಜ್ವರದಲ್ಲೂ ಹಳದಿ, ಅದಕ್ಕೆ ಬೇಗ ಆಂಟಿಬಯೋಟಿಕ್ ಕೊಡಬೇಕು. ತುಂಬು ಗರ್ಭಿಣಿಗೆ ಹೆಪಟೈಟಿಸ್ ಇ ಬಂದರೆ ಜೀವಕ್ಕೇ ಅಪಾಯ. ಇವರೆಲ್ಲ ಮೂರು ದಿನ ಸೊಪ್ಪು, ಏಳು ದಿನ ಪಥ್ಯ ಅಂತ ಕೂತರೆ ಆಗದು.

ಅದಕ್ಕೆ ಒಂದು ಭಾನುವಾರ, ಹೆಚ್ಚು ಜನ ಹೋಗುವ ನಾಟಿ ವೈದ್ಯರ ಮನೆಗೇ ಹೋದೆ. ಊರವರು ಅವರನ್ನು ಗೌಡ್ರು ಅನ್ನುತ್ತಾರೆ. ದುಡ್ಡು ಮುಟ್ಟುವುದಿಲ್ಲ, ಎಲೆ ಅಡಿಕೆ ಇಟ್ಟರೆ ಸಾಕು. ಸೊಪ್ಪು ಯಾವುದು ಅಂತ ಕೇಳಿದೆ. "ಹೇಳಿದ್ರೆ ಗುಣ ಹೋಗುತ್ತೆ ಡಾಕ್ಟ್ರೇ" ಅಂದರು. ಹೆಸರೂ ಗೊತ್ತಿಲ್ಲ, ಎಷ್ಟು ಕೊಡುತ್ತಾರೆ ಅನ್ನುವುದೂ ಗೊತ್ತಿಲ್ಲ ಅಂದಮೇಲೆ ಅದು ಕೆಲಸ ಮಾಡುತ್ತದೋ ಇಲ್ಲವೋ ಅಂತ ನೋಡುವುದಾದರೂ ಹೇಗೆ? ಆ ಮಾತು ಅಲ್ಲಿಗೇ ಬಿಟ್ಟೆ. "ಗೌಡ್ರೇ, ಗರ್ಭಿಣಿಯರು, ಮಂಪರಲ್ಲಿ ಏನೇನೋ ಮಾತಾಡೋರು, ಮೈಯೆಲ್ಲಾ ತುರಿಕೆ ಬಂದು ಮಲ ಬೆಳ್ಳಗೆ ಹೋಗೋರು, ಜ್ವರ ಬಂದು ಮೀನಖಂಡ ಹಿಡಕೊಂಡೋರು, ಇವರನ್ನ ಮಾತ್ರ ತಡಮಾಡದೆ ನನ್ನ ಹತ್ರ ಕಳಿಸಿಬಿಡಿ" ಅಂದೆ. "ಬಸುರಿ ಹೆಂಗಸ್ರಿಗೆ ನಮ್ಮಪ್ಪನೂ ಕೊಡ್ತಿರಲಿಲ್ಲ" ಅಂದರು. ಉಳಿದದ್ದಕ್ಕೂ ಒಪ್ಪಿದರು. ಈಗ ಆಗಾಗ ಅವರು ಕಳಿಸಿದವರು ಬರುತ್ತಾರೆ.

ಆದರೆ ಕೈ ಮೇಲೆ, ಹೊಟ್ಟೆ ಮೇಲೆ ಬರೆ ಹಾಕುವವರ ವಿಷಯದಲ್ಲಿ ನಾನು ನಯವಾಗಿ ಮಾತಾಡುವುದಿಲ್ಲ. ಅದರಿಂದ ಆಗುವುದು ಸುಟ್ಟ ಗಾಯ ಒಂದೇ. ಮಗುವಿಗೆ ಹಾಕಿದ್ದರಂತೂ ಜೋರಾಗಿಯೇ ಹೇಳುತ್ತೇನೆ.

ಹೌದು ಅನ್ನುವ ಕಡೆ ಹೌದು ಅನ್ನಲು ನನಗೆ ಸಂಕೋಚವಿಲ್ಲ. ಮಲಬದ್ಧತೆಗೆ ಇಸಬ್‌ಗೋಲ್ ಧಾರಾಳವಾಗಿ ಹೇಳುತ್ತೇನೆ, ನೀರು ಜಾಸ್ತಿ ಕುಡಿಯಿರಿ ಅನ್ನುವ ಮಾತಿನ ಜೊತೆ. ಒಂದು ವರ್ಷ ದಾಟಿದ ಮಗುವಿಗೆ ಕೆಮ್ಮಿದ್ದರೆ ಜೇನುತುಪ್ಪ ಆಗಬಹುದು, ಅದಕ್ಕಿಂತ ಚಿಕ್ಕವರಿಗೆ ಖಂಡಿತ ಬೇಡ. ಹಳೆಯ ಸೊಂಟನೋವಿಗೆ ಯೋಗದಿಂದ ಸ್ವಲ್ಪ ಅನುಕೂಲವಿದೆ. ಹೃದಯಾಘಾತವಾದವರ ಮೇಲೆ ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಯೋಗ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಮತ್ತೆ ಹೃದಯಾಘಾತ, ಸಾವು ಇಂಥವು ಕಡಿಮೆಯಾದವು ಅಂತ ಅದರಲ್ಲಿ ಸಾಬೀತಾಗಲಿಲ್ಲ. ಆದರೆ ಜನ ಮೊದಲಿನ ಹಾಗೆ ಓಡಾಡಿಕೊಂಡು ಕೆಲಸಕ್ಕೆ ಮರಳುವುದು ಸುಧಾರಿಸಿತು. ಎರಡನ್ನೂ ರೋಗಿಗೆ ಹೇಳುತ್ತೇನೆ, ಹೃದಯದ ಮಾತ್ರೆ ಮಾತ್ರ ನಿಲ್ಲಿಸಬೇಡಿ ಅನ್ನುತ್ತೇನೆ.

ಕೋವಿಡ್ ಬಂದ ಮೇಲೆ ಅಮೃತಬಳ್ಳಿಯದ್ದೇ ಒಂದು ತಲೆನೋವು. ಅದನ್ನು ಕುಡಿದು ಲಿವರ್‌ಗೆ ಪೆಟ್ಟಾದ 43 ಜನರ ವಿವರವನ್ನು ಭಾರತದ ಬೇರೆ ಬೇರೆ ಆಸ್ಪತ್ರೆಗಳ ವೈದ್ಯರು 2022ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅಮೃತಬಳ್ಳಿ ಸುರಕ್ಷಿತ ಅನ್ನುತ್ತದೆ, ಅದನ್ನೇ ಹೋಲುವ ಬೇರೆ ಬಳ್ಳಿಯ ಬಗ್ಗೆ ಎಚ್ಚರಿಸುತ್ತದೆ. ಈ ಜಗಳ ಮುಗಿಯುವವರೆಗೆ ನಾನು ಕಾಯುವುದಿಲ್ಲ. ಕಾಮಾಲೆಯಲ್ಲಿ ಎ, ಬಿ, ಸಿ, ಇ ಯಾವ ವೈರಸ್ಸೂ ಸಿಗದಿದ್ದರೆ "ಕಷಾಯ ಎಷ್ಟು ತಿಂಗಳಿಂದ?" ಅಂತ ಕೇಳುತ್ತೇನೆ. ಥೈರಾಯ್ಡ್ ಅಥವಾ ಬೇರೆ ಆಟೋಇಮ್ಯೂನ್ ತೊಂದರೆ, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ತೊಂದರೆ, ಇದೆಯಾ ಅಂತಲೂ ನೋಡುತ್ತೇನೆ. ಕಷಾಯ ನಿಲ್ಲಿಸಿ ವಾರಕ್ಕೊಮ್ಮೆ ಲಿವರ್‌ನ ರಕ್ತಪರೀಕ್ಷೆ (ಎಲ್‌ಎಫ್‌ಟಿ) ಮಾಡಿಸುತ್ತೇನೆ. ಇಳಿಯದಿದ್ದರೆ ದೊಡ್ಡಾಸ್ಪತ್ರೆಗೆ ಕಳಿಸುತ್ತೇನೆ, ಆ ಬಳ್ಳಿಯ ತುಂಡು ಮನೆಯಲ್ಲಿದ್ದರೆ ಅದನ್ನೂ ಜೊತೆಗೆ ಒಯ್ಯಲು ಹೇಳುತ್ತೇನೆ.